ಅಗಲ ಕುತ್ತಿಗೆಯ ಅನ್ಯೂರಿಸಂ: ಜೈಲಿಂಗೋ, ಸ್ಟೆಂಟಿನ ಕಣ್ಣಿನೊಳಗಿಂದಲೋ?

ಸೈಫನ್‌ತಿರುವು:
ಮಿದುಳಿಗೆ ಹೋಗುವ ಕೆರೋಟಿಡ್ ನಾಳದ ಸೈಫನ್ ತಿರುವಿನಲ್ಲಿ, ಕಣ್ಣಿಗೆ ಹೋಗುವ ಆಫ್ತಾಲ್ಮಿಕ್ ಕವಲಿನ ಪಕ್ಕ ಒಡೆಯದ ಅನ್ಯೂರಿಸಂ (ನಾಳದ ಗೋಡೆ ಉಬ್ಬಿ ಆದ ಚೀಲ). ಚೀಲ 7 ಮಿ.ಮೀ., ಕುತ್ತಿಗೆ 5, ಮೂಲನಾಳ 3.8. ಬರೀ ಕಾಯಿಲ್ (ಚೀಲ ತುಂಬುವ ತೆಳು ತಂತಿಸುರುಳಿ) ಹಾಕಿದರೆ ನಾಳಕ್ಕೆ ಜಾರುವುದು ಖಚಿತ. ಸ್ಟೆಂಟ್ (ನಾಳದಲ್ಲಿ ಕೂರುವ ಬಲೆಕೊಳವೆ) ಬಿಟ್ಟಮೇಲೆ ಅದರ ಕಣ್ಣಿನೊಳಗಿಂದ, ಅಂದರೆ ಬಲೆಯ ರಂಧ್ರದಿಂದ, ಚೀಲಕ್ಕೆ ಹೋಗುವುದು ಮೇಲೋ, ಜೈಲಿಂಗ್ (ಕ್ಯಾಥೆಟರನ್ನು ಮೊದಲೇ ಚೀಲದಲ್ಲಿಟ್ಟು ಸ್ಟೆಂಟಿನಿಂದ ಗೋಡೆಗೆ ಒತ್ತಿ ಹಿಡಿಯುವುದು) ಮೇಲೋ? ಹೆಣೆದ ಸ್ಟೆಂಟೋ, ಲೇಸರ್‌ನಲ್ಲಿ ಕತ್ತರಿಸಿದ್ದೋ?

ಮೈಕ್ರೋವೈರ್:
ಜೈಲಿಂಗ್. ಒಳಬಾಯಿ 0.070 ಇಂಚಿನ 6 ಫ್ರೆಂಚ್ ಗೈಡ್ ಕ್ಯಾಥೆಟರ್‌ನಲ್ಲಿ ಎರಡು ಮೈಕ್ರೋಕ್ಯಾಥೆಟರ್ (ತೀರ ಸಣ್ಣ ಕೊಳವೆ) ಹಿಡಿಯುತ್ತವೆ. 0.017 ಇಂಚಿನದನ್ನು ಚೀಲದೊಳಗೆ ಕೂರಿಸಿ, ಒಂದೆರಡು ಸುತ್ತು ಕಾಯಿಲ್ ಬಿಟ್ಟು, ಆಮೇಲೆ ಸ್ಟೆಂಟ್ ತೆರೆಯಿರಿ. ಕುತ್ತಿಗೆಯ ಆಚೆ ಈಚೆ ಕನಿಷ್ಠ 4–5 ಮಿ.ಮೀ. ಹಿಡಿತ ಇರಲಿ.

ತೊಂದರೆ ಏನೆಂದರೆ, ಸಿಕ್ಕಿಕೊಂಡ ಕ್ಯಾಥೆಟರಿನ ತುದಿ ಆಮೇಲೆ ಬೇಕಾದ ಕಡೆ ತಿರುಗದು. ಕಾಯಿಲ್ ತುಂಬುತ್ತ ಬಂದಂತೆ ಹಿಂದಕ್ಕೆ ಒದೆಯುತ್ತದೆ. ತುದಿ ಒಮ್ಮೆ ಹೊರಬಿದ್ದರೆ ಮತ್ತೆ ಕಣ್ಣಿನೊಳಗಿಂದಲೇ ದಾರಿ ಹುಡುಕಬೇಕು. ಕೊನೆಯಲ್ಲಿ ಕ್ಯಾಥೆಟರನ್ನು ಖಾಲಿಯಾಗಿ ಎಳೆಯಬೇಡಿ. ಒಳಗೆ ವೈರ್ ಇಟ್ಟು ಮೆಲ್ಲಗೆ ಜಾರಿಸಿ, ಇಲ್ಲದಿದ್ದರೆ ಕೊನೆಯ ಕಾಯಿಲಿನ ಬಾಲ ಜೊತೆಗೇ ಬರುತ್ತದೆ.

ಹೆಣಿಗೆ:
ತಿರುವು ಎಷ್ಟು ಕಡಿದು ಅನ್ನುವುದರ ಮೇಲೆ ಸ್ಟೆಂಟ್. ಲೇಸರ್‌ನಲ್ಲಿ ಕತ್ತರಿಸಿದ್ದರಲ್ಲಿ ಬಿಡಿ ಕಣ್ಣಿನದು (ಓಪನ್ ಸೆಲ್) ಬಾಗಿನ ಹೊರಮೈಯಲ್ಲಿ ಬಾಯಿ ಬಿಡುತ್ತದೆ, ಆ ಸಂದಿನಲ್ಲಿ ಕಾಯಿಲ್ ಇಣುಕುತ್ತದೆ. ಮುಚ್ಚಿದ ಕಣ್ಣಿನದು (ಕ್ಲೋಸ್ಡ್ ಸೆಲ್) ಚಪ್ಪಟೆಯಾಗಿ ಗೋಡೆಯಿಂದ ದೂರ ನಿಲ್ಲುತ್ತದೆ, ಹಿಂದೆ ಹೆಪ್ಪು ಕೂರುತ್ತದೆ. ಹೆಣೆದದ್ದನ್ನು ಬರೀ ಹಿಂದೆ ಎಳೆದು ಬಿಚ್ಚಬಾರದು. ವೈರ್ ಒತ್ತಿ, ಕ್ಯಾಥೆಟರ್ ಸಡಿಲಿಸಿ ಅಗಲಿಸಬೇಕು. ಅಗಲವಾದಷ್ಟೂ ಉದ್ದ ಕುಗ್ಗುತ್ತದೆ, ಅಳತೆ ಹಾಕುವಾಗಲೇ ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಕಣ್ಣು ಚಿಕ್ಕದು, ಅದರೊಳಗಿಂದ ಹೋಗುವ ಆಸೆ ಬಿಡಿ.

ನನ್ನನ್ನು ಕೇಳಿದರೆ, ಈ ಜಾಗಕ್ಕೆ ಫ್ಲೋ ಡೈವರ್ಟರ್ (ಹರಿವನ್ನು ಚೀಲದಿಂದ ತಿರುಗಿಸುವ ಒತ್ತು ಹೆಣಿಗೆಯ ಸ್ಟೆಂಟ್) ಯೋಚಿಸದೆ ಕಾಯಿಲಿಗೆ ಕೈ ಹಾಕುವುದೇ ತಪ್ಪು. ಆ ಬಗೆಯ ಪೈಪ್‌ಲೈನ್‌ಗೆ 2011ರಲ್ಲಿ ದೊಡ್ಡ ಅನ್ಯೂರಿಸಂಗಳಿಗೆಂದು ಸಿಕ್ಕ ಅಮೆರಿಕದ ಎಫ್‌ಡಿಎ ಅನುಮತಿ 2019ರಲ್ಲಿ ಚಿಕ್ಕವು, ಮಧ್ಯಮದವಕ್ಕೂ ವಿಸ್ತರಿಸಿತು.

ಪ್ಲೇಟ್‌ಲೆಟ್:
ಹೆಪ್ಪುತಡೆ ಮಾತ್ರೆ ಸರಿಯಿಲ್ಲದಿದ್ದರೆ ಇದೆಲ್ಲ ವ್ಯರ್ಥ. ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್ 75 ಮಿ.ಗ್ರಾಂ. 5–7 ದಿನ ಮೊದಲೇ ಶುರುವಾಗಿರಲಿ. ವೆರಿಫೈನೌ ಪರೀಕ್ಷೆಯಲ್ಲಿ ಪಿಆರ್‌ಯು (ಕ್ಲೋಪಿಡೋಗ್ರೆಲ್ ನಾಟದೆ ಉಳಿದ ಪ್ಲೇಟ್‌ಲೆಟ್ ಚುರುಕಿನ ಅಂಕ) 208 ದಾಟಿದರೆ ಟಿಕಾಗ್ರೆಲೋರ್ 90 ಮಿ.ಗ್ರಾಂ. ದಿನಕ್ಕೆರಡು ಬಾರಿಗೆ ಬದಲಿಸುವವರು ಬಹಳ. ಅದಕ್ಕೂ ಮೊದಲು ಔಷಧಿ ಚೀಟಿ ನೋಡಿ: ಒಮೆಪ್ರಜೋಲ್ ಇದ್ದರೆ ಪ್ಯಾಂಟೊಪ್ರಜೋಲ್ ಮಾಡಿ, ಕ್ಲೋಪಿಡೋಗ್ರೆಲನ್ನು ಚುರುಕುಗೊಳಿಸುವ ಸಿವೈಪಿ2ಸಿ19 ಕಿಣ್ವದ ದಾರಿಗೆ ಒಮೆಪ್ರಜೋಲ್ ಅಡ್ಡ.

ಸೈಫನ್‌ತಿರುವು:
ಧನ್ಯವಾದ. ಎಸಿಟಿ (ಹೆಪಾರಿನ್ ಹಿಡಿತ ತೋರುವ ಹೆಪ್ಪುಗಟ್ಟುವ ಸಮಯ) 250–300 ಸೆಕೆಂಡು ಇದ್ದೂ ಸ್ಟೆಂಟಿನ ಮೇಲೆ ಮಸುಕು ಕಾಣಿಸಿದರೆ?

ಪ್ಲೇಟ್‌ಲೆಟ್:
ಹತ್ತು ನಿಮಿಷ ಬಿಟ್ಟು ಅದೇ ಕೋನದಲ್ಲಿ ಮತ್ತೊಂದು ಚಿತ್ರ. ಬೆಳೆಯುತ್ತಿದ್ದರೆ ಅದು ಪ್ಲೇಟ್‌ಲೆಟ್ ಹೆಪ್ಪು, ಹೆಪಾರಿನ್ ಏರಿಸಿ ಪ್ರಯೋಜನವಿಲ್ಲ, ಪ್ಲೇಟ್‌ಲೆಟ್ ತಡೆಯುವ ಟೈರೋಫಿಬಾನ್ ಕೊಡಿ. ವೈರಿನಿಂದ ಕೆದಕಬೇಡಿ, ತುಂಡು ಮುಂದಿನ ಕವಲಿಗೆ ಹೋಗುತ್ತದೆ. ಸ್ಟೆಂಟ್ ಪೂರ್ತಿ ತೆರೆದಿಲ್ಲ ಅನಿಸಿದರೆ ಮಾತ್ರ ಬಲೂನು.