ಗೋವೆಯ ಕಡಲ ಇತಿಹಾಸಕ್ಕೆ ಕನ್ನಡದಲ್ಲಿ ಒಂದು ಕಾದಂಬರಿ ಮಾಲೆ ಬರಬಾರದೇ?

ಪ್ರಶ್ನೆ (ಪುಣೆಯಿಂದ)

ತ.ರಾ.ಸು. ಅವರ ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳನ್ನು ಈಚೆಗೆ ಮತ್ತೊಮ್ಮೆ ಒಂದೇ ಓಟದಲ್ಲಿ ಓದಿ ಮುಗಿಸಿದೆ. ಚಿತ್ರದುರ್ಗದ ಅರಮನೆಯಲ್ಲಿ ಒಬ್ಬನು ಅಧಿಕಾರದ ಆಸೆಗೆ ಬಿತ್ತಿದ್ದನ್ನು ಮುಂದೆ ಬೇರೆಯವರು ಉಣ್ಣಬೇಕಾಗುವ ಪರಿಯನ್ನು ತೋರಿಸಲು ಒಂದೇ ಸಂಪುಟ ಸಾಲುತ್ತಿರಲಿಲ್ಲ. ಮಾಲೆಯಾಗಿ ಬರೆದುದರ ಸಾರ್ಥಕತೆ ಅಲ್ಲಿಯೇ ಇದೆ ಎಂದು ನನಗನ್ನಿಸುತ್ತದೆ. ಇದೇ ಪುಣೆಯ ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನು ಗಳಗನಾಥರು ಕನ್ನಡಕ್ಕೆ ತಂದು ಓದುಗರ ಒಂದು ತಲೆಮಾರನ್ನೇ ಬೆಳೆಸಿದರು. ಅಂದಿನಿಂದಲೂ ನಮ್ಮ ಐತಿಹಾಸಿಕ ಕಾದಂಬರಿಗೆ ವಿಜಯನಗರ ಮತ್ತು ದುರ್ಗಗಳ ಮೇಲೆ ಅಪಾರ ಪ್ರೀತಿ. ಆದರೆ ಆ ವಿಜಯನಗರಕ್ಕೆ ಅರಬ್ಬೀ ಕುದುರೆಗಳನ್ನು ಇಳಿಸುತ್ತಿದ್ದ ಗೋವೆ, ಭಟ್ಕಳ, ಹೊನ್ನಾವರಗಳ ಬಂದರುಗಳು ನಾನು ಓದಿದ ಪುಸ್ತಕಗಳಲ್ಲಿ ಮಾತಿನ ನಡುವೆ ಬಂದು ಹೋಗುತ್ತವೆ, ಅಷ್ಟೇ. 1472ರಲ್ಲಿ ಬಹಮನಿಯ ಮಹಮೂದ್ ಗವಾನ್ ಗೋವೆಯನ್ನು ಗೆದ್ದುಕೊಂಡದ್ದರಿಂದ ಮೊದಲುಗೊಂಡು ಅದು ಪೋರ್ಚುಗೀಸರ ವಶವಾದ 1510ರವರೆಗಿನ ಕಾಲವನ್ನು ಮೂರು ಸಂಪುಟಗಳಲ್ಲಿ ಯಾರಾದರೂ ಬರೆಯಬೇಕೆಂಬುದು ನನ್ನ ಆಸೆ. ಬಲ್ಲವರು ಏನೆನ್ನುತ್ತೀರಿ?

ಉತ್ತರ (ಮಡಗಾಂವಿನಿಂದ)

ತಾವು ಹೇಳಿದ ಕಾಲದಲ್ಲಿ ಕಾದಂಬರಿಗೆಂದೇ ಹುಟ್ಟಿದಂತಹ ಒಬ್ಬ ಮನುಷ್ಯನಿದ್ದಾನೆ: ಹೊನ್ನಾವರದ ಕಡೆಯ ತಿಮ್ಮಯ್ಯ, ಪೋರ್ಚುಗೀಸರ ಬಾಯಲ್ಲಿ ತಿಮೋಜ. ಗೋವೆಯ ಕಾವಲು ಸಡಿಲವಾಗಿದೆಯೆಂದು ಪೋರ್ಚುಗೀಸ್ ದಂಡನಾಯಕ ಆಲ್ಬುಕರ್ಕನ ಕಿವಿಗೆ ಹಾಕಿ, ಬೇರೆಡೆಗೆ ಹೊರಟಿದ್ದ ಅವನ ಹಡಗುಪಡೆಯನ್ನು ಇತ್ತ ತಿರುಗಿಸಿದವನು ಇವನೇ. 1510ರ ಆರಂಭದಲ್ಲಿ ಸುಲಭವಾಗಿ ಕೈಗೆ ಬಂದ ಊರು ಮೇ ತಿಂಗಳಲ್ಲಿ ಆದಿಲ್‌ಶಾಹಿ ಸೈನ್ಯದ ಪಾಲಾಯಿತು. ಅಷ್ಟರಲ್ಲಿ ಮಳೆಗಾಲ ಹಿಡಿದು, ಕಡಲಿಗೂ ಹೋಗಲಾಗದೆ ದಡಕ್ಕೂ ಇಳಿಯಲಾಗದೆ ಆ ಹಡಗುಗಳು ಆಗಸ್ಟ್‌ವರೆಗೂ ಮಾಂಡೋವಿ ನದಿಯಲ್ಲಿಯೇ ಸಿಕ್ಕಿಬಿದ್ದವು. ಆಹಾರ ತೀರಿ, ಹಡಗಿನವರು ಇಲಿಗಳನ್ನೂ ಪೆಟ್ಟಿಗೆಗಳಿಗೆ ಹೊದಿಸಿದ್ದ ಚರ್ಮವನ್ನೂ ಬೇಯಿಸಿ ತಿಂದರು. ಇಲ್ಲಿನ ಆಷಾಢದ ಮಳೆಯನ್ನು ಕಂಡವರಿಗೆ ಆ ದಿನಗಳ ಕಲ್ಪನೆ ಕಷ್ಟವಲ್ಲ. ನವೆಂಬರ್ 25ರಂದು ಆಲ್ಬುಕರ್ಕ್ ಮರಳಿ ಬಂದು ಊರನ್ನು ಗೆದ್ದಾಗ ನಡೆದ ಹತ್ಯಾಕಾಂಡವನ್ನು ತಿಮ್ಮಯ್ಯನು ಯಾವ ಕಣ್ಣಿನಿಂದ ನೋಡಿರಬಹುದು ಎಂಬುದನ್ನು ಇತಿಹಾಸಕಾರರು ಹೇಳಲಾರರು, ಕಾದಂಬರಿಕಾರರು ಹೇಳಬಲ್ಲರು.

ಉತ್ತರ (ಮುಂಬಯಿ, ಡೊಂಬಿವಲಿಯಿಂದ)

ಮಡಗಾಂವಿನವರ ಉತ್ಸಾಹ ಮೆಚ್ಚತಕ್ಕದ್ದೇ, ಆದರೂ ನನ್ನದೊಂದು ತಕರಾರಿದೆ. ತಿಮ್ಮಯ್ಯನನ್ನು ನಾಯಕನನ್ನಾಗಿ ಮಾಡಿದರೆ ಬರೆಯುವವರು ಅವನನ್ನು ಒಂದೋ ದ್ರೋಹಿಯೆಂದು ಬೈಯುತ್ತಾರೆ, ಇಲ್ಲವೇ ವೀರನೆಂದು ಹೊಗಳುತ್ತಾರೆ. ಎರಡರಲ್ಲಿಯೂ ಕಾದಂಬರಿ ಸೊರಗುತ್ತದೆ. ಮಾಲೆಯನ್ನು ಗೋವೆಯ ಕದಂಬರಿಂದಲೇ ಏಕೆ ಆರಂಭಿಸಬಾರದು? ಅಲ್ಲಿನ ಸರ್ಕಾರಿ ಬಸ್ಸಿನ ಮೈಮೇಲೆ ‘ಕದಂಬ’ ಎಂದು ದೊಡ್ಡದಾಗಿ ಬರೆದಿದ್ದರೂ, ಆ ಮನೆತನದವರು ಕನ್ನಡದಲ್ಲಿ ಶಾಸನಗಳನ್ನು ಬರೆಸಿದ್ದರೆಂಬುದು ಅದರಲ್ಲಿ ಓಡಾಡುವ ನಮ್ಮವರಲ್ಲಿ ಎಷ್ಟು ಮಂದಿಗೆ ಗೊತ್ತು? ಕಿತ್ತೂರಿನ ಸಮೀಪದ ದೇಗಾಂವಿಯಲ್ಲಿ ಹನ್ನೆರಡನೆಯ ಶತಮಾನದ ರಾಣಿ ಕಮಲಾದೇವಿಯು ಕಟ್ಟಿಸಿದ ಕಮಲನಾರಾಯಣ ಗುಡಿಯಿದೆ. ಘಟ್ಟದ ಕೆಳಗೆ ತಾಂಬ್ಡಿ ಸುರ್ಲದಲ್ಲಿ, ಜಂಬಿಟ್ಟಿಗೆಯ ನಾಡಿನ ನಡುವೆ, ಕರಿಕಲ್ಲಿನ ಮಹಾದೇವನ ಗುಡಿಯಿದೆ. ಆ ಕಲ್ಲನ್ನು ಅಲ್ಲಿಗೆ ಸಾಗಿಸಿದವರ ಒಂದು ಮನೆತನವನ್ನು ಹಿಡಿದರೆ ಮೂರಲ್ಲ, ಐದು ಸಂಪುಟಗಳಿಗೂ ಸರಕಿದೆ.

ಪ್ರಶ್ನೆ ಕೇಳಿದವರು

ಮನೆತನವನ್ನು ಹಿಡಿಯಬೇಕೆಂಬ ಮಾತನ್ನು ಪೂರ್ತಿ ಒಪ್ಪುತ್ತೇನೆ, ಆದರೆ ಕಾಲದ ವಿಷಯದಲ್ಲಿ ನನ್ನ ಹಟ ಬಿಡಲಾರೆ: ಹನ್ನೆರಡನೆಯ ಶತಮಾನದಿಂದ ಹೊರಟರೆ ತಲೆಮಾರುಗಳು ಹೆಚ್ಚಾಗಿ, ಒಂದು ಸಂಪುಟದ ನೋವು ಮುಂದಿನದಕ್ಕೆ ಮುಟ್ಟುವುದೇ ಇಲ್ಲ. 1472ರಲ್ಲಿ ಬಂದರು ಕೈತಪ್ಪಿ ಭಟ್ಕಳಕ್ಕೆ ಬಂದು ನೆಲೆಸಿದ ಕುದುರೆ ದಲ್ಲಾಳಿಯೊಬ್ಬನ ಮೊಮ್ಮಗನು 1510ರಲ್ಲಿ ತಿಮ್ಮಯ್ಯನ ದೋಣಿಯಲ್ಲಿ ಕುಳಿತು ಗೋವೆಗೆ ಹಿಂದಿರುಗುವಂತಾದರೆ, ತಿಮ್ಮಯ್ಯನನ್ನು ಹೊಗಳುವ ಅಥವಾ ಬೈಯುವ ಹೊಣೆ ಕಾದಂಬರಿಕಾರರ ತಲೆಯ ಮೇಲೆ ಬೀಳುವುದಿಲ್ಲ. ಇನ್ನೊಂದು ಬೇಡಿಕೆ: ಯಾವುದು ದಾಖಲೆ, ಯಾವುದು ಕಲ್ಪನೆ ಎಂಬುದನ್ನು ಲೇಖಕರು ಪ್ರತಿ ಸಂಪುಟದ ಕೊನೆಯಲ್ಲಿ ಎರಡು ಪುಟಗಳಲ್ಲಿ ತಿಳಿಸಲಿ, ಮತ್ತು ಮಾಂಡೋವಿ, ಜುವಾರಿಗಳ ಒಂದು ನಕಾಶೆಯನ್ನು ಮೊದಲ ಪುಟದಲ್ಲಿಯೇ ಕೊಡಲಿ.