ಬಣ್ಣವೇ ಇಲ್ಲದ ಕಡೆ ‘ಬಣ್ಣ ಹಾಕುವುದು’ ಅನ್ನಬಹುದೇ?

ಗೆಳೆಯರೇ,

ಇಮೇಜಿಂಗ್ ಮಾಸ್ ಸೈಟೋಮೆಟ್ರಿ ಬಗ್ಗೆ ಕನ್ನಡದಲ್ಲಿ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ಅಂಗಾಂಶದ ಒಂದೇ ತೆಳು ಹೋಳಿನಲ್ಲಿ ಹತ್ತಾರು ಪ್ರೋಟೀನ್‌ಗಳು ಎಲ್ಲೆಲ್ಲಿವೆ ಅಂತ ಒಟ್ಟಿಗೇ ತೋರಿಸುವ ವಿಧಾನ ಇದು. 2014ರಲ್ಲಿ ಜ್ಯೂರಿಕ್‌ನ ತಂಡ ಸ್ತನ ಕ್ಯಾನ್ಸರ್ ಹೋಳುಗಳಲ್ಲಿ ಪ್ರೋಟೀನ್‌ಗಳು, ಅವುಗಳ ಮಾರ್ಪಟ್ಟ ರೂಪಗಳು ಸೇರಿ 32ನ್ನು ಹೀಗೆ ತೋರಿಸಿತು. ನನ್ನ ತೊಡಕು ‘ಸ್ಟೇನಿಂಗ್’ ಪದದ್ದು.

ಲ್ಯಾಬಿನಲ್ಲಿ ‘ಸ್ಟೇನ್ ಮಾಡೋದು’ ಅಂದರೆ ಮುಗಿಯಿತು. ಬರೆಯುವಾಗ ‘ಬಣ್ಣ ಹಾಕುವುದು’ ಅಂತೀವಿ. ಹೆಮಟಾಕ್ಸಿಲಿನ್, ಇಯೊಸಿನ್ ಎಂಬ ಬಣ್ಣಗಳಿಗೆ ಅದು ಸರಿ, ನೀಲಿ ಗುಲಾಬಿ ಎರಡೂ ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ಇಲ್ಲಿ ಹಾಗಲ್ಲ. ಪ್ರತಿಕಾಯಗಳಿಗೆ (ಆಂಟಿಬಾಡಿ) ಒಂದೊಂದು ಲೋಹದ ಐಸೊಟೋಪ್ (ಒಂದೇ ಧಾತುವಿನ ಬೇರೆ ತೂಕದ ರೂಪ) ಕಟ್ಟಿ ಹೋಳಿನ ಮೇಲೆ ಬಿಡುತ್ತಾರೆ, ಹೆಚ್ಚಾಗಿ ಲ್ಯಾಂಥನೈಡ್ ಎಂಬ ಗುಂಪಿನ ಲೋಹಗಳು, ಪ್ರತಿಯೊಂದೂ ತನ್ನ ಪ್ರೋಟೀನ್ ಸಿಕ್ಕಲ್ಲಿ ಅಂಟಿಕೊಳ್ಳುತ್ತದೆ, ಆಮೇಲೆ ಲೇಸರ್ ಆ ಹೋಳನ್ನು ಸುಮಾರು 1 ಮೈಕ್ರೋಮೀಟರ್ ಅಗಲದ ಚುಕ್ಕಿ ಚುಕ್ಕಿಯಾಗಿ ಕಿತ್ತು ಯಂತ್ರಕ್ಕೆ ಕಳಿಸುತ್ತದೆ, ಯಾವ ಚುಕ್ಕಿಯಲ್ಲಿ ಯಾವ ಲೋಹ ಎಷ್ಟು ಅಂತ ಯಂತ್ರ ಎಣಿಸುತ್ತದೆ. ಪರದೆಯ ಮೇಲಿನ ಕೆಂಪು, ಹಸಿರು ನಾವು ಆಮೇಲೆ ಕೊಟ್ಟದ್ದು, ಅಲ್ವಾ? ಹೋಳಿಗೆ ಲೋಹ ಅಂಟಿಸುವುದಕ್ಕೂ ಬಣ್ಣ, ಪರದೆಯ ಮೇಲಿನದ್ದಕ್ಕೂ ಬಣ್ಣ ಅಂದರೆ ಓದುವವರು ಹೋಳೇ ಹೊಳೆಯಿತು ಅಂದುಕೊಳ್ಳುತ್ತಾರೆ. ಈ ವಿಧಾನ ಹುಟ್ಟಿದ್ದೇ ಬಣ್ಣದ ಮಿತಿಯಿಂದ. ಹೊಳೆಯುವ ಬಣ್ಣಗಳನ್ನು ನಾಲ್ಕೈದಕ್ಕಿಂತ ಜಾಸ್ತಿ ಸೇರಿಸಿದರೆ ಒಂದರ ಬೆಳಕು ಇನ್ನೊಂದರ ಮೇಲೆ ಬೀಳುತ್ತದೆ. ನಿಯೋಡೈಮಿಯಂ ಲೋಹದ ಐಸೊಟೋಪ್‌ಗಳಾದ 142, 143 ಹಾಗೆ ಕಲೆಸಿಹೋಗುವುದಿಲ್ಲ, ತೂಕದಲ್ಲೇ ಬೇರೆಯಾಗುತ್ತವೆ.

‘ಗುರುತು ಹಚ್ಚುವುದು’ ಅನ್ನೋಣವೇ? ನನಗೆ ಹಿಡಿಸಿದ್ದು ಇದೇ. ಪ್ರತಿಕಾಯಕ್ಕೆ ಲೋಹ ‘ಕಟ್ಟುವುದು’, ಹೋಳಿಗೆ ಗುರುತು ‘ಹಚ್ಚುವುದು’ ಅಂದರೆ ಎರಡು ಹಂತಗಳೂ ಬೇರೆಬೇರೆಯಾಗಿ ಉಳಿಯುತ್ತವೆ. ನಿಮ್ಮ ಕಡೆ ‘ಹಚ್ಚು’ ಅಂದ ಕೂಡಲೇ ದೀಪ ನೆನಪಾಗುತ್ತದೋ, ಎಣ್ಣೆಯೋ? ‘ರಂಜನ’ ಅಂತ ಬರೆದವರೂ ಇದ್ದಾರೆ, ಆದರೆ ಅದರಲ್ಲೂ ಬಣ್ಣವೇ ಇದೆ.

ಇನ್ನೊಂದು. ‘ಪ್ರೋಟೀನ್‌ಗಳ ದ್ರವ್ಯರಾಶಿ ಅಳೆದು ಚಿತ್ರ ತೆಗೆಯುವುದು’ ಎಂಬ ವಿವರಣೆ ಇಲ್ಲಿ ತಪ್ಪು. ಅಳೆಯುವುದು ಲೋಹವನ್ನು, ಪ್ರೋಟೀನನ್ನಲ್ಲ. ಮಾಲ್ಡಿ ಇಮೇಜಿಂಗ್ ಎಂಬ ಇನ್ನೊಂದು ವಿಧಾನದಲ್ಲಿ ಸಾಮಾನ್ಯವಾಗಿ ಅಣುಗಳನ್ನೇ ನೇರ ಅಳೆಯುತ್ತಾರೆ, ಅಲ್ಲಿಗೆ ಆ ಮಾತು ಸರಿ. ಈ ಎರಡನ್ನೂ ಒಂದೇ ಹೆಸರಲ್ಲಿ ಕರೆಯದಂತೆ ‘ಲೋಹಗುರುತಿನ ಚಿತ್ರಣ’, ‘ನೇರ ಅಣುಚಿತ್ರಣ’ ಅಂತ ಬೇರೆ ಮಾಡಿದರೆ ಓದಲು ಕಷ್ಟವಾಗುತ್ತದೆಯೇ? ಲ್ಯಾಬಿನಲ್ಲಿ ಕೆಲಸ ಮಾಡುವವರು ನಿಮ್ಮಲ್ಲಿ ಇದ್ದರೆ ದಯವಿಟ್ಟು ತಿಳಿಸಿ.