ಅಪ್‌ಡೇಟ್: 770 ಡಿಗ್ರಿ ದಾಟಿದ ಮೇಲೆ ಇಂಡಕ್ಷನ್ ಜನರೇಟರಿನ ಶಕ್ತಿ ಕುಸಿಯುವುದೇಕೆ?

ಉಕ್ಕಿನ ಪಿನ್ನುಗಳ ಮೇಲ್ಮೈಯನ್ನು ಗಡಸುಗೊಳಿಸುವಾಗ, ನಮ್ಮ 200 ಕಿಲೋಹರ್ಟ್ಸ್ ಇಂಡಕ್ಷನ್ ಜನರೇಟರ್ (ಕಾಯಿಲಿನ ಕಾಂತಕ್ಷೇತ್ರದಿಂದ ಲೋಹದೊಳಗೆ ಪ್ರವಾಹ ಹುಟ್ಟಿಸಿ ಅದನ್ನು ಕಾಯಿಸುವ ಯಂತ್ರ) ಕೆಂಪು ಕಾವಿನವರೆಗೆ ಸಲೀಸಾಗಿ ಸಾಗಿ ಆಮೇಲೆ ಸೊರಗುವುದೇಕೆ ಎಂದು ನಾನು ಕೇಳಿದ್ದೆ. ದೋಷ ಯಂತ್ರದ್ದಲ್ಲ, ಉಕ್ಕಿನ ಗುಣವೇ ಬದಲಾಗುತ್ತದೆ ಎಂದು ಉತ್ತರಿಸಿದವರಿಗೆ ಹೃತ್ಪೂರ್ವಕ ಧನ್ಯವಾದಗಳು.

ಜನರೇಟರ್ 50 ಹರ್ಟ್ಸ್ ವಿದ್ಯುತ್ತನ್ನು ಮೊದಲು ಡಿಸಿ ಮಾಡಿ, ಮಾಸ್‌ಫೆಟ್‌ಗಳೆಂಬ ವೇಗದ ಎಲೆಕ್ಟ್ರಾನಿಕ್ ಸ್ವಿಚ್‌ಗಳ ಮೂಲಕ ಅಧಿಕ ಆವರ್ತನದ ಎಸಿಯಾಗಿ ಕೆಪಾಸಿಟರ್ ಮತ್ತು ತಾಮ್ರದ ಕಾಯಿಲ್ ಸೇರಿದ ಅನುರಣನ ಮಂಡಲಕ್ಕೆ (ಒಂದು ನಿರ್ದಿಷ್ಟ ಆವರ್ತನಕ್ಕೆ ಅತಿ ಹೆಚ್ಚು ಸ್ಪಂದಿಸುವ ಸರ್ಕ್ಯೂಟಿಗೆ) ಕೊಡುತ್ತದೆ. ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ಕ್ಯೂರಿ ಬಿಂದುವಿನಲ್ಲಿ, ಉಕ್ಕು ತನ್ನ ಕಾಂತೀಯತೆಯನ್ನು ಕಳೆದುಕೊಳ್ಳುವುದರಿಂದ, ಅಲ್ಲಿಯವರೆಗೆ ಮಿಲಿಮೀಟರಿನ ಹತ್ತನೇ ಒಂದಂಶಕ್ಕಿಂತ ತೆಳುವಾದ ಪದರದಲ್ಲಿ ಹರಿಯುತ್ತಿದ್ದ ಸುಳಿ ಪ್ರವಾಹ (ಕಾಯಿಲ್ ಉಕ್ಕಿನೊಳಗೆ ಹುಟ್ಟಿಸುವ, ಅದನ್ನು ಕಾಯಿಸುವ ಪ್ರವಾಹ) ಸುಮಾರು 1.2 ಮಿಲಿಮೀಟರ್ ಆಳಕ್ಕೆ ಹರಡುತ್ತದೆ. ಅದು ಎದುರಿಸುವ ರೋಧ ಇಳಿಯುತ್ತದೆ, ಕಾಯಿಲಿನ ಇಂಡಕ್ಟೆನ್ಸ್ (ಕರೆಂಟಿನ ಬದಲಾವಣೆಯನ್ನು ತಡೆಯುವ ಗುಣ) ಕಡಿಮೆಯಾಗಿ ಅನುರಣನ ಆವರ್ತನ ಮೇಲೇರುತ್ತದೆ. ಹೀಗೆ ಜನರೇಟರಿಗೂ ಕಾಯಿಲಿಗೂ ಹೊಂದಾಣಿಕೆ ತಪ್ಪಿ, ಉಕ್ಕಿಗೆ ತಲುಪುವ ಶಕ್ತಿ ಕುಸಿಯುತ್ತದೆ. ಗಡಸುತನಕ್ಕೆ ಬೇಕಾದ ತಾಪ ಇನ್ನೂ ಮೇಲಿರುವುದರಿಂದ ಈ ಘಟ್ಟ ನಿಜಕ್ಕೂ ನಿರ್ಣಾಯಕ.

ಸಲಹೆಯಂತೆ, ವಿದ್ಯುತ್ ಅಲೆಗಳನ್ನು ತೆರೆಯ ಮೇಲೆ ತೋರಿಸುವ ಆಸಿಲೋಸ್ಕೋಪಿನಲ್ಲಿ ನೋಡಿದಾಗ, ಕಾವು ಏರಿದಂತೆ ವೋಲ್ಟೇಜ್ ಮತ್ತು ಕರೆಂಟಿನ ಅಲೆಗಳ ನಡುವಿನ ಹೊಂದಾಣಿಕೆ ತಪ್ಪುವುದು ಸ್ಪಷ್ಟವಾಗಿ ಕಂಡಿತು. ಈಗ ಆವರ್ತನವನ್ನು ತಾನೇ ಹಿಂಬಾಲಿಸುವ ನಿಯಂತ್ರಣವನ್ನು ಅಳವಡಿಸಿ, ಜನರೇಟರನ್ನು ಕಾಯಿಲಿಗೆ ಹೊಂದಿಸುವ ಮ್ಯಾಚಿಂಗ್ ಟ್ರಾನ್ಸ್‌ಫಾರ್ಮರಿನ ಟ್ಯಾಪನ್ನು (ಬಳಸುವ ಸುತ್ತುಗಳ ಸಂಖ್ಯೆಯನ್ನು ಆರಿಸುವ ಸಂಪರ್ಕವನ್ನು) ಬಿಸಿ ಉಕ್ಕಿಗೆ ಹೊಂದುವಂತೆ ಬದಲಿಸಿದ್ದೇವೆ. ತಣ್ಣಗಿರುವಾಗ ಕಾವು ಸ್ವಲ್ಪ ನಿಧಾನವಾಗಿ ಏರಿದರೂ, ಕೊನೆಯ ಹಂತದಲ್ಲಿ ಶಕ್ತಿ ಕುಸಿಯುತ್ತಿಲ್ಲ. ನನ್ನ ದೃಷ್ಟಿಯಲ್ಲಿ ಇದು ಖಂಡಿತ ಒಳ್ಳೆಯ ವಿನಿಮಯ.